ಡ್ಯಾಶ್‌ಬೋರ್ಡಿಗೆ ಹೊಸ ಮೀಟರು: ಕೊರೆಯುವ ಮುನ್ನ

ಹಳೆಯ ಕಾರಿಗೆ ಹೊಸ ಮೀಟರು ಕೂರಿಸುವುದನ್ನು ನಾವು ಚಿಲ್ಲರೆ ಕೆಲಸವೆಂದೇ ಎಣಿಸಿದ್ದೇವೆ. ಬೇಗೂರು, ಬೊಮ್ಮನಹಳ್ಳಿ ಕಡೆಯ ಸಣ್ಣ ವರ್ಕ್‌ಶಾಪುಗಳಿಂದ ಹೊರಬರುವ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಉಂಗುರಗಳು ಥಳಥಳಿಸಿದರೆ ಮೆಚ್ಚಿ ಹಣ ಕೊಡುತ್ತೇವೆ. ಆದರೆ ಈ ಕಸುಬಿನ ಗುಣವನ್ನು ಅಳೆಯಬೇಕಾದದ್ದು ಎರಡು ಕಡೆಯಿಂದ: ಓಡಿಸುವವರ ಕಣ್ಣಿನಿಂದ ಮತ್ತು ಡ್ಯಾಶ್‌ಬೋರ್ಡಿನ ಹಿಂಬದಿಯಿಂದ.

ಮೀಟರು ಕೂರಿಸುವುದೂ ಸೇರಿ ಇಡೀ ಕಾರನ್ನೇ ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸುವ ಕಿಟ್ ಕಾರಿನ ಹವ್ಯಾಸ ಬೆಳೆದದ್ದು ಬ್ರಿಟನ್ನಿನಲ್ಲಿ. 1957ರ ಲೋಟಸ್ ಸೆವೆನ್ ಕಾರನ್ನು ಕಿಟ್ ಆಗಿ ಕೊಂಡವರಿಗೆ ಖರೀದಿ ತೆರಿಗೆ ಉಳಿಯುತ್ತಿತ್ತು. ನಮ್ಮಲ್ಲಿ ಅಂಥ ಕಾರಿಗೆ ನೋಂದಣಿ ಸಿಗುವುದೇ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಬೆಂಗಳೂರಿನಲ್ಲಿ ಕಿಟ್ ಕಾರಿಗೆ ಹತ್ತಿರದ ಗಾಡಿಯೆಂದರೆ 1982ರಲ್ಲಿ ಬಂದ ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ. ಹಗುರವಾದ್ದರಿಂದ ದಕ್ಷಿಣದ ರ‍್ಯಾಲಿಗಳಲ್ಲಿ ಓಡಿದ ಕಾರು ಇದು. ರ‍್ಯಾಲಿಗೆ ಆರ್‌ಪಿಎಂ, ಆಯಿಲ್ ಪ್ರೆಶರ್, ಟೆಂಪರೇಚರ್ ಮೀಟರುಗಳು ಅಲಂಕಾರವಲ್ಲ. ಅಲ್ಯೂಮಿನಿಯಂ ಎಂಜಿನ್ ಕಾವೇರಿದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದು ಕಷ್ಟ.

ಇಂದಿನ ಕೆಲಸದ ಮೊದಲ ದೋಷ, ಜಾಗ ಕಂಡಲ್ಲಿ ಕೊರೆಯುವುದು. ಸ್ಟೀರಿಂಗಿನ ಹಿಂದೆ ಮರೆಯಾದ ಮೀಟರು ಇದ್ದೂ ಇಲ್ಲದಂತೆ. ಅಳತೆಗೆ ಕತ್ತರಿಸಿದ ರಟ್ಟಿನ ಬಿಲ್ಲೆಗಳನ್ನು ಅಂಟಿಸಿ, ಸೀಟಿನಲ್ಲಿ ಬೆಲ್ಟು ಬಿಗಿದು ಕುಳಿತು ನೋಡಿದ ಮೇಲೆಯೇ ಗುರುತು ಹಾಕಬೇಕು. ರೇಸಿನವರು ಎಲ್ಲ ಸರಿಯಿದ್ದಾಗ ಮುಳ್ಳುಗಳು ನೇರ ಮೇಲಕ್ಕೆ ನಿಲ್ಲುವಂತೆ ಮೀಟರನ್ನು ತಿರುಗಿಸಿ ಕೂರಿಸುತ್ತಾರೆ. ಒಂದು ವಾಲಿದರೂ ತಕ್ಷಣ ಕಣ್ಣಿಗೆ ಬೀಳುತ್ತದೆ. ಇದು ಅನುಕರಿಸತಕ್ಕ ಪದ್ಧತಿ.

ಎರಡನೆಯದು ಅವಸರ. ಸಣ್ಣ ಮೀಟರುಗಳ ಸಾಮಾನ್ಯ ಅಳತೆ 52 ಮಿ.ಮೀ. ತೂತನ್ನು ತುಸು ಚಿಕ್ಕದಾಗಿ ಕೊರೆದು ಅರದಿಂದ ಉಜ್ಜಿ ಹಿಗ್ಗಿಸುವವನು ಕೆಲಸ ಬಲ್ಲವನು. ಹಿಗ್ಗಿದ ತೂತು ಮತ್ತೆ ಕುಗ್ಗದು. ಫೈಬರಿನ ಮೇಲ್ಪದರ ಬೇಗ ಚಕ್ಕೆ ಏಳುವುದರಿಂದ ಅಂಟುಪಟ್ಟಿ ಹಚ್ಚಿ, ದುಂಡು ಗರಗಸವನ್ನು (ಹೋಲ್ ಸಾ) ಮೊದಲು ಹಿಮ್ಮುಖವಾಗಿ ತಿರುಗಿಸಿ ಗೀರು ಮಾಡಿ, ಆಮೇಲೆ ನಿಧಾನವಾಗಿ ಕೊರೆಯಬೇಕು. ಫೈಬರ್ ಕೊರೆದಾಗ ಏಳುವ ಗಾಜಿನ ಎಳೆಗಳ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕಿಲ್ಲದೆ ಹುಡುಗರನ್ನು ಈ ಕೆಲಸಕ್ಕೆ ಹಚ್ಚುವ ಮಾಲೀಕರನ್ನು ಕ್ಷಮಿಸಲಾಗದು.

ಎಲ್ಲಕ್ಕಿಂತ ದೊಡ್ಡ ದೋಷ ಇರುವುದು ಹಿಂಬದಿಯಲ್ಲಿ. ತಗಡಿನ ಡ್ಯಾಶ್‌ಬೋರ್ಡಿನಲ್ಲಿ ಮೀಟರಿಗೆ ಕ್ಲಾಂಪಿನ ಮೂಲಕವೇ ಅರ್ತ್ ಸಿಗಬಹುದು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಪ್ರತ್ಯೇಕ ಅರ್ತ್ ವೈರು ಎಳೆಯದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಹಳೆಯ ಬಗೆಯ ಆಂಪಿಯರ್ ಮೀಟರಿನೊಳಗೆ ಬ್ಯಾಟರಿಯ ಕರೆಂಟೇ ಹಾದುಹೋಗುತ್ತದೆ, ವೈರು ಸಡಿಲವಾದರೆ ಬೆಂಕಿಯ ಭಯ. ಫ್ಯೂಸು ಹಾಕಿದ ವೋಲ್ಟ್ ಮೀಟರೇ ಮೇಲು. ಆಯಿಲ್ ಪ್ರೆಶರಿಗೂ ಬಿಸಿ ಎಣ್ಣೆಯ ಕೊಳವೆಯನ್ನು ಕಾರಿನೊಳಗೆ ತರುವ ಬದಲು ಎಂಜಿನ್ನಿಗೆ ಸೆಂಡರ್ ಕೂರಿಸಿ ವೈರು ತರುವುದು ಕ್ಷೇಮ.

ಅಗತ್ಯವಿದ್ದಷ್ಟೇ ಮೀಟರು, ಕಣ್ಣಿಗೆ ಸಿಗುವ ಜಾಗ, ಅಚ್ಚುಕಟ್ಟಾದ ವೈರಿಂಗ್ ಇದ್ದರೆ ಇದು ಗೌರವಕ್ಕೆ ಅರ್ಹವಾದ ಕಸುಬು. ಡಾಲ್ಫಿನ್ ಇಟ್ಟುಕೊಂಡವರಲ್ಲಿ ಮಾತ್ರ ನನ್ನ ವಿನಂತಿ ಬೇರೆ. ಮೂಲ ಡ್ಯಾಶ್‌ಬೋರ್ಡನ್ನು ಕೊರೆಸಬೇಡಿ, ಅಂಥದ್ದು ಮತ್ತೆ ತಯಾರಾಗುವುದಿಲ್ಲ. ಅದರ ಕೆಳಗೆ ಅಲ್ಯೂಮಿನಿಯಂ ತಗಡಿನದೊಂದು ಪಟ್ಟಿ ಮಾಡಿಸಿ, ಮೀಟರುಗಳನ್ನು ಅದರಲ್ಲಿ ಕೂರಿಸಿ.