ಸಾಬು ಶಾಲೆಗೆ ಹೋಗಬಾರದೆ?

ಮೈಸೂರು ಸೀಮೆಯ ಮಾವುತನ ಮಗ ಬಿಳಿಯರ ಸಿನಿಮಾದಲ್ಲಿ ಹೀರೋ ಆದ, ನಮಗೆಲ್ಲ ಹೆಮ್ಮೆ. ಸಾಬುವಿನ ಬಗ್ಗೆ ಬರೆಯುವವರು ಬಹಳ ಮಂದಿ ಇಷ್ಟು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಹೆಮ್ಮೆ ಇರಲಿ. ಆ ಚಿತ್ರಗಳನ್ನು ಒಮ್ಮೆ ಕೂತು ನೋಡುವ ಕೆಲಸವೂ ಆಗಬೇಕಲ್ಲ. ನಾವು ಒಂದಷ್ಟು ಗೆಳೆಯರು ಕೋಲಾರದ ಬಾಡಿಗೆ ಕೋಣೆಯಲ್ಲಿ ಕೂತು ನೋಡಿದೆವು.

ಸಾಬು 1924ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ. ಅಪ್ಪ ಮಹಾರಾಜರ ಆನೆಲಾಯದ ಮಾವುತ. ಅಪ್ಪ ಸತ್ತ ಮೇಲೆ ಹುಡುಗನಿಗೆ ಲಾಯವೇ ಗತಿ. ಕಿಪ್ಲಿಂಗನ ಕತೆಯೊಂದನ್ನು ಸಿನಿಮಾ ಮಾಡಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಅವನು ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಅದರಲ್ಲಿ ಸಾಬು ಆನೆ ಹತ್ತುವ ರೀತಿ, ಅದರ ಕತ್ತಿನ ಮೇಲೆ ಕೂತು ಕಾಲಿನಲ್ಲೇ ಮಾತಾಡುವ ರೀತಿ ನೋಡಿ. ಅದು ನಟನೆ ಅಲ್ಲ ಕಣ್ರೀ, ದುಡಿಮೆ. ಆ ಚಿತ್ರದಲ್ಲಿ ಸುಳ್ಳಿಲ್ಲದ್ದು ಅದೊಂದೇ.

ಮಿಕ್ಕಿದ್ದನ್ನು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ತೆಗೆದರು. ಹುಡುಗನ ಅಪ್ಪನಾಗಿ ಬಂದವನು ಡಬ್ಲ್ಯು. ಇ. ಹಾಲೊವೇ ಎಂಬ ಬಿಳಿಯ, ಮುಖಕ್ಕೆ ಬಣ್ಣ ಬಳಿದುಕೊಂಡು. ನಿಜವಾದ ಮಾವುತನ ಮಗನಿಗೆ ಬಣ್ಣದ ಮಾವುತ ಅಪ್ಪ! ಆನೆ ಮೈಸೂರಿನದಾಗಬಹುದು, ಹುಡುಗ ಮೈಸೂರಿನವನಾಗಬಹುದು, ಬೆಳೆದ ಗಂಡಸು ಮಾತ್ರ ಆಗಬಾರದು. ಬೆಳೆದವನು ಮಾತಾಡುತ್ತಾನೆ, ಕೂಲಿ ಕೇಳುತ್ತಾನೆ. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಸಿದ ನಮ್ಮ ಗಣಿಗಳಿಗೆ ಇಳಿದವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಳು ಬೇಕು, ಬಾಯಿ ಬೇಡ.

1938ರ 'ದಿ ಡ್ರಮ್'ನಲ್ಲಿ ಸಾಬು ಬ್ರಿಟಿಷರ ಪಕ್ಷದ ರಾಜಕುಮಾರ. ಮುಂಬಯಿಯ ಜನ ಆ ಚಿತ್ರದ ವಿರುದ್ಧ ಬೀದಿಗಿಳಿದರು. ಸರಿಯಾಗೇ ಮಾಡಿದರು.

ನಮ್ಮನ್ನು ಕಾಡಿದ್ದು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಇದರಲ್ಲಿ ಸಾಬು ಹಸಿದ ಕಳ್ಳ. ಚಿತ್ರವನ್ನು ಹೊತ್ತು ನಡೆಯುವವನೂ ಅವನೇ. ಅವನು ನಕ್ಕರೆ ನಮ್ಮ ಕೇರಿಯ ಹುಡುಗರೇ ನಕ್ಕ ಹಾಗೆ. ಕೊನೆಗೆ ಏನಾಗುತ್ತೆ? ಸಿಂಹಾಸನ ರಾಜಕುಮಾರನಿಗೆ. ಕಳ್ಳನನ್ನು ಶಾಲೆಗೆ ಕಳಿಸಿ ಮುಂದೆ ವಜೀರನನ್ನಾಗಿ ಮಾಡುತ್ತೇನೆ ಅಂತ ರಾಜ ಹೇಳುತ್ತಲೇ ಅವನು ಹಾರುವ ಚಾಪೆ ಹತ್ತಿ ಪರಾರಿ! ಪ್ರೇಕ್ಷಕ ನಗಬೇಕು. ನಮಗೆ ನಗು ಬರಲಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ಬೆಳೆದ ಹುಡುಗನೊಬ್ಬ ಸ್ಲೇಟು ಹಿಡಿಯಲು ಅವರ ಮನೆಯವರು ಎಷ್ಟು ದಿನದ ಕೂಲಿ ಬಿಟ್ಟರು ಅಂತ ಬಲ್ಲವರು ನಾವು. ಬಡವರ ಮಕ್ಕಳಿಗೆ ಓದು ರುಚಿಸೋದಿಲ್ಲ, ಅಲೆಯೋದೇ ಅವರಿಗೆ ಸುಖ ಅನ್ನೋದು ಉಳ್ಳವರಿಗೆ ಬಹಳ ಹಿತವಾದ ಕತೆ. ಮುಳಬಾಗಿಲು, ಶ್ರೀನಿವಾಸಪುರದ ಮೇಷ್ಟ್ರುಗಳು ಈ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕು. ಚಾಪೆ ಮೇಲೇಳುವ ಮುಂಚೆ ನಿಲ್ಲಿಸಿ, ಮುಂದೇನಾಗಬೇಕು ಅಂತ ಅವರನ್ನೇ ಕೇಳಬೇಕು.

ಇದು ಒಂದು ಸಲದ ಮಾತಾಗಿದ್ದರೆ ಬಿಡಬಹುದಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಸಾಬು ಸನ್ಯಾಸಿನಿಯರ ಹತ್ತಿರ ಪಾಠ ಕಲಿಯಲು ಬರುವ ಯುವಕ. ಅಲ್ಲೂ ಓದು ಅರ್ಧಕ್ಕೇ ನಿಲ್ಲುತ್ತದೆ. ಒಂದು ಹೆಣ್ಣಿನ ಹಿಂದೆ ಹೋಗುತ್ತಾನೆ. ಆ ಹೆಣ್ಣೂ ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ, ಜೀನ್ ಸಿಮನ್ಸ್.

ಅಷ್ಟರಲ್ಲಿ ನಿಜವಾದ ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತು, ಶೌರ್ಯಪದಕ ಪಡೆದು ಬಂದಿದ್ದ. ತೆರೆಗೆ ಆ ಗಂಡಸು ಬೇಕಾಗಲಿಲ್ಲ. 1963ರ ಡಿಸೆಂಬರ್ 2ರಂದು, 39ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ. ಮರುವರ್ಷ ಬಿಡುಗಡೆಯಾದ ಅವನ ಕೊನೆಯ ಚಿತ್ರದಲ್ಲೂ ಅವನಿಗೆ ಸಿಕ್ಕಿದ್ದು ಹುಲಿ ಪಳಗಿಸುವ ಕೆಲಸ.