ಛದಕ್ರೀಡೆಯ ಎಲೆಗಳು: ಔಚಿತ್ಯವಿಚಾರ

ಮುಮ್ಮಡಿ ಕೃಷ್ಣರಾಜ ಒಡೆಯರವರ (1794–1868) ಶ್ರೀತತ್ತ್ವನಿಧಿಯಲ್ಲಿರುವ ಒಂಬತ್ತು ನಿಧಿಗಳಲ್ಲಿ ಕಡೆಯದು ಕೌತುಕನಿಧಿ. ಅದರಲ್ಲಿ ನಿರೂಪಿತವಾದ ಛದಕ್ರೀಡೆಗಳ ಎಲೆಗಳನ್ನು ಚಿತ್ರಗಳೆಂದು ಕೊಂಡಾಡುವುದು ವಾಡಿಕೆ. ಆಟದ ಸಾಧನಗಳಾಗಿ ಅವುಗಳ ಗುಣದೋಷಗಳನ್ನು ಇಲ್ಲಿ ವಿಚಾರಿಸುತ್ತೇವೆ.

ದಶಾವತಾರ ಗಂಜೀಫದಲ್ಲಿ ವರ್ಗಗಳು 10. ಒಂದೊಂದರಲ್ಲಿಯೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು. ಒಟ್ಟು 120 ಎಲೆ. ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ. ಲಾಂಛನವನ್ನು ಕಂಡೊಡನೆ ಅವತಾರವು ಸ್ಮೃತಿಗೆ ಬರುವುದು. ಸಂಖ್ಯೆಗಳೊಳಗೆ ಐದು ವರ್ಗಗಳಲ್ಲಿ ಹತ್ತು ಶ್ರೇಷ್ಠ, ಉಳಿದೈದರಲ್ಲಿ ಒಂದು ಶ್ರೇಷ್ಠ. ಅವತಾರಕ್ರಮವನ್ನು ಬಲ್ಲವನಿಗೆ ಈ ವ್ಯತ್ಯಾಸವು ಭಾರವಲ್ಲ.

ಒಡೆಯರವರ ಛದಗಳಲ್ಲಾದರೋ ವರ್ಗವೊಂದಕ್ಕೆ ಸಾಮಾನ್ಯವಾಗಿ 12 ಸಂಖ್ಯೆಯ ಎಲೆ, 6 ಚಿತ್ರದ ಎಲೆ. ವರ್ಗಗಳು 18ರ ವರೆಗೂ, ಒಟ್ಟು ಎಲೆಗಳು 360ರ ವರೆಗೂ ಏರುವುವು. ಇಲ್ಲಿ ಆಕ್ಷೇಪವುಂಟು: ಬಿದ್ದ ಎಲೆಯನ್ನು ನೆನಪಿಡುವುದೇ ಆಟದ ಜೀವವಾಗಿರಲು, ಇಷ್ಟನ್ನು ಧರಿಸುವವರಾರು? ಚಿತ್ರಕಾವ್ಯದಲ್ಲಿ ಬಂಧವು ರಸವನ್ನು ನುಂಗುವಂತೆ, ಇಲ್ಲಿ ವಿಸ್ತಾರವು ಕ್ರೀಡೆಯನ್ನು ನುಂಗಲಿಲ್ಲವೆ?

ಇದಕ್ಕೆ ಸಮಾಧಾನವನ್ನು ಗ್ರಂಥದಲ್ಲಿಯೇ ಹುಡುಕಬೇಕು. ಇತರ ನಿಧಿಗಳು ದೇವತೆಗಳ ರೂಪಗಳನ್ನೂ ಆಯುಧವಾಹನಗಳನ್ನೂ ನಿರೂಪಿಸುವುವು. ಅವುಗಳನ್ನು ಬಲ್ಲವನೇ ಈ ಎಲೆಗಳಿಗೆ ಅಧಿಕಾರಿ. ಅವನಿಗೆ ಹೊಸದಾಗಿ ನೆನೆಯಬೇಕಾದುದು ಅಲ್ಪ. ಅನ್ಯರಿಗೆ ಆಕ್ಷೇಪವು ನಿಂತೇ ಇರುವುದು.

ಆದಕಾರಣ ವರ್ಗಗಳ ಬಾಹುಳ್ಯವು ಸ್ವತಃ ದೋಷವಲ್ಲ. ಆಟಗಾರನು ಮೊದಲೇ ಬಲ್ಲ ಕ್ರಮವೊಂದರ ಆಶ್ರಯವಿಲ್ಲದ ಬಾಹುಳ್ಯವೇ ದೋಷ. ಹೊಸ ಎಲೆಗಳನ್ನು ಕಲ್ಪಿಸುವವರಿಗೂ ಇದೇ ನಿಯಮ. ಅಧ್ಯಾಪಕರು ಕೌತುಕನಿಧಿಯನ್ನು ಉಳಿದ ಎಂಟರಿಂದ ಬೇರ್ಪಡಿಸಿ ಬೋಧಿಸಿದರೆ, ಎಲೆಗಳು ಉಳಿದು ಆಟವು ಅಳಿಯುವುದು.