ಒಟಿಪಿ ಹೇಳುವ ಮುನ್ನ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ ಬಂತೆಂದರೆ ಶಿವಾಜಿನಗರದ ಇನ್‌ಫೆಂಟ್ರಿ ರಸ್ತೆಯ ಆಡಿಟರ್ ಕಚೇರಿಗಳಿಂದ ಹಿಡಿದು ಕೆ.ಆರ್. ಪುರದ ಜೆರಾಕ್ಸ್ ಅಂಗಡಿಗಳವರೆಗೆ ಒಂದೇ ಮಾತು ಫೋನಿನಲ್ಲಿ ಹರಿದಾಡುತ್ತದೆ: 'ಸಾರ್, ಈಗೊಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?' ಆ ಕಡೆಯವರು ಆರು ಅಂಕಿ ಓದುತ್ತಾರೆ. ಅಷ್ಟಕ್ಕೆ ಒಂದು ವರ್ಷದ ಆದಾಯ, ಕಡಿತ, ರೀಫಂಡು ಎಲ್ಲಕ್ಕೂ ಅವರ ಸಹಿ ಬಿದ್ದಂತೆ. ಓದಿದವರಿಗೆ ತಾವು ಯಾವ ಮೊತ್ತಕ್ಕೆ ಸಹಿ ಹಾಕಿದೆವು ಎಂಬುದೇ ಗೊತ್ತಿರುವುದಿಲ್ಲ.

ಈ ಪದ್ಧತಿಯನ್ನು ಸುರಕ್ಷೆ ಎಂದು ಕರೆಯುತ್ತಾ ಬಂದಿದ್ದೇವೆ. ಅಪರಿಚಿತರಿಂದ ಅದು ನಮ್ಮನ್ನು ಕಾಯುತ್ತದೆ, ನಿಜ. ಆದರೆ ನಮ್ಮ ಹೆಸರಿನಲ್ಲಿ ಸುಳ್ಳು ಲೆಕ್ಕ ಸೇರಬಹುದಾದ ದಾರಿ ನಾವೇ ಕಾಗದ ಪತ್ರ ಕೊಟ್ಟು ಬರುವ ಮೇಜಿನ ಮೇಲೂ ಇದೆ. ಅಲ್ಲಿ ಒಟಿಪಿಯಿಂದ ಏನೂ ಪ್ರಯೋಜನವಿಲ್ಲ.

ಹಳೆಯ ಕ್ರಮ ನಿಧಾನದ್ದು. ರಿಟರ್ನ್ ಸಲ್ಲಿಸಿದ ಮೇಲೆ ಐಟಿಆರ್-ವಿ ಎಂಬ ಒಂದು ಪುಟ ಮುದ್ರಿಸಿ, ಸಹಿ ಮಾಡಿ, ಬೆಂಗಳೂರಿನ ಸಿಪಿಸಿಗೆ, ಅಂದರೆ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಅಂಚೆಯಲ್ಲಿ ಕಳಿಸಬೇಕಿತ್ತು. ದೇಶದ ಮೂಲೆಮೂಲೆಯ ಲಕೋಟೆಗಳು ಈ ಊರಿಗೆ ಬರುತ್ತಿದ್ದವು. ಆದರೆ ಆ ಪುಟದಲ್ಲಿ ಸಹಿಯ ಜಾಗಕ್ಕಿಂತ ಮೇಲೆ ಒಟ್ಟು ಆದಾಯ, ಕಟ್ಟಿದ ತೆರಿಗೆ, ಬರಬೇಕಾದ ರೀಫಂಡ್ ಸಾಲಾಗಿ ಅಚ್ಚಾಗಿರುತ್ತಿತ್ತು. ಹಲಸೂರಿನ ಕಿರಾಣಿ ಅಂಗಡಿಯವರಿಗೆ ಅದೆಲ್ಲ ಪೂರ್ತಿ ಅರ್ಥವಾಗದಿದ್ದರೂ 'ಇದೇನು, ಇಷ್ಟು ದುಡ್ಡು ವಾಪಸ್ ಬರುತ್ತಾ?' ಎಂದು ಕೇಳುವಷ್ಟು ಕಣ್ಣಿಗೆ ಬೀಳುತ್ತಿತ್ತು. 2015ರಲ್ಲಿ ಫೋನಿನ ಮೂಲಕ ದೃಢೀಕರಿಸುವ ಅನುಕೂಲ ಬಂತು. 2022ರ ಆಗಸ್ಟ್ 1ರಿಂದ ದೃಢೀಕರಣದ ಗಡುವು 120 ದಿನಗಳಿಂದ 30 ದಿನಕ್ಕೆ ಇಳಿಯಿತು. ಲಕೋಟೆ ಹೋಗಿದ್ದು ಒಳ್ಳೆಯದೇ. ಅದರ ಜೊತೆಗೆ ಆ ಒಂದು ಪುಟವನ್ನು ಕಣ್ಣಾಡಿಸುವ ಅವಕಾಶವೂ ಹೋಯಿತು, ಅದು ದೊಡ್ಡ ನಷ್ಟ. ಬ್ಯಾಂಕಿನ ಒಟಿಪಿ ಸಾಮಾನ್ಯವಾಗಿ ಎಷ್ಟು ರೂಪಾಯಿಗೆ ಎಂದು ಹೇಳಿಯೇ ಬರುತ್ತದೆ. ರಿಟರ್ನ್ ದೃಢೀಕರಿಸುವ ಆಧಾರ್ ಒಟಿಪಿಯಲ್ಲಿ ನಿಮ್ಮ ಆದಾಯವೂ ಇಲ್ಲ, ರೀಫಂಡೂ ಇಲ್ಲ.

ಇದರಿಂದ ಏನಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಐಟಿ ಕಂಪನಿಗಳ ನೌಕರರು ತೆರಿಗೆ ಸಲಹೆಗಾರನೊಬ್ಬನ ಮೂಲಕ ಸುಳ್ಳು ಲೆಕ್ಕ ತೋರಿಸಿ ರೀಫಂಡ್ ಪಡೆದರೆಂಬ ಪ್ರಕರಣ 2018ರಲ್ಲಿ ಹೊರಬಿತ್ತು, ಸಿಬಿಐವರೆಗೂ ಹೋಯಿತು. ಆ ಏಪ್ರಿಲ್‌ನಲ್ಲಿ ಸಿಪಿಸಿ ಸಂಬಳದಾರರಿಗೆಲ್ಲ ಎಚ್ಚರಿಕೆ ಹೊರಡಿಸಿತು. 2025ರ ಜುಲೈನಲ್ಲಿ ಇಲಾಖೆ ದೇಶದ 150 ಕಡೆ ಶೋಧ ನಡೆಸಿದಾಗ ಹೇಳಿದ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ರಿಟರ್ನ್ ಮಾಡಿಕೊಡುವ ಕೆಲವರು ರಾಶಿ ರಿಟರ್ನ್ ಹಾಕಲೆಂದೇ ತಾತ್ಕಾಲಿಕ ಇಮೇಲ್ ಐಡಿ ಸೃಷ್ಟಿಸಿ, ಆಮೇಲೆ ಅವನ್ನು ಬಿಟ್ಟುಬಿಡುತ್ತಿದ್ದರು. ಇಲಾಖೆಯ ನೋಟಿಸ್ ಬಂದರೂ ಓದುವವರಿರಲಿಲ್ಲ.

ಇಲಾಖೆ ಕಳಿಸುವ ನೆನಪೋಲೆಗಳ ದೌರ್ಬಲ್ಯವೂ ಇಲ್ಲೇ ಇದೆ. ಅವು ಇಲಾಖೆಯ ಪೋರ್ಟಲಿನ ಪ್ರೊಫೈಲಿನಲ್ಲಿರುವ ನಂಬರಿಗೆ, ಇಮೇಲಿಗೆ ಹೋಗುತ್ತವೆ. ಅಲ್ಲಿರುವುದು ಮಾಡಿಕೊಟ್ಟವರ ನಂಬರಾದರೆ ಇಲಾಖೆ ಎಷ್ಟು ಸಲ ಎಚ್ಚರಿಸಿದರೂ ತೆರಿಗೆದಾರರಿಗೆ ತಲುಪುವುದಿಲ್ಲ. ತಲುಪಿದಾಗಲೂ ಎದ್ದು ಕಾಣುವುದು ಕೊನೆಯ ದಿನಾಂಕ: ಜುಲೈ 31, ತಪ್ಪಿದರೆ 5,000 ರೂಪಾಯಿವರೆಗೆ ದಂಡ ಶುಲ್ಕ. 2025ರಲ್ಲಿ ಅದು ಸೆಪ್ಟೆಂಬರ್ 15ಕ್ಕೆ, ಕೊನೆಗೆ 16ಕ್ಕೆ ಸರಿಯಿತು. ದಿನಾಂಕದ ಗಾಬರಿಯಲ್ಲಿರುವವರು ಕೇಳಿದ ಅಂಕಿಯನ್ನು ಕೇಳಿದ ತಕ್ಷಣ ಹೇಳಿಬಿಡುತ್ತಾರೆ. 'ರೀಫಂಡ್ ಬಂದಿದೆ, ಲಿಂಕ್ ಒತ್ತಿ' ಎಂಬ ನಕಲಿ ಸಂದೇಶಗಳು ಗೆಲ್ಲುವುದೂ ಇದೇ ಗಾಬರಿಯ ಬಲದ ಮೇಲೆ.

ಪಾಸ್‌ವರ್ಡಿನ ಕತೆ ಇನ್ನೂ ದುರ್ಬಲ. ರಿಟರ್ನ್ ಸಂಸ್ಕರಿಸಿದ ಮೇಲೆ ಇಲಾಖೆ ಕಳಿಸುವ ಇಂಟಿಮೇಷನ್ ಪಿಡಿಎಫ್ ತೆರೆಯಲು ಬೇಕಾಗುವುದು ಸಣ್ಣಕ್ಷರದಲ್ಲಿ ಪ್ಯಾನ್, ಅದರ ಹಿಂದೆ ಹುಟ್ಟಿದ ದಿನಾಂಕ. ಎರಡೂ ಪ್ಯಾನ್ ಕಾರ್ಡಿನ ಮೇಲೇ ಅಚ್ಚಾಗಿವೆ. ಸಿಮ್ ಕೊಳ್ಳಲು, ಮನೆ ಬಾಡಿಗೆಗೆ, ಚೀಟಿಗೆ ಎಂದು ನಾವು ಆ ಕಾರ್ಡಿನ ಎಷ್ಟು ಜೆರಾಕ್ಸ್ ಹಂಚಿಲ್ಲ! ಪೋರ್ಟಲಿನಲ್ಲಿ ಇ-ಫೈಲಿಂಗ್ ವಾಲ್ಟ್ ಎಂಬ ಹೆಚ್ಚುವರಿ ಬೀಗವಿದೆ. ಅದನ್ನು ಹಾಕಿದರೆ ಪಾಸ್‌ವರ್ಡ್ ಗೊತ್ತಿದ್ದವರೂ ಆಧಾರ್ ಒಟಿಪಿಯಂಥ ಎರಡನೇ ಪುರಾವೆಯಿಲ್ಲದೆ ಒಳಗೆ ಹೋಗಲಾರರು. ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಕೇಳಿ ಹಾಕಿಸಿಕೊಳ್ಳಬೇಕಾದ ಬೀಗ ಯಾರಿಗೆ ಹೆಚ್ಚು ಬೇಕೋ ಅವರ ಮನೆಗೇ ಸೇರುವುದಿಲ್ಲ.

ಇಂದಿರಾನಗರದಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿರುವ ಮನೆಗಳು ಬಹಳ. ಆ ಮಕ್ಕಳು ಅಲ್ಲಿನ ತೆರಿಗೆ ಇಲಾಖೆ ಕೊಡುವ ಐಪಿ ಪಿನ್ ಬಗ್ಗೆ ಕೇಳಿರುತ್ತಾರೆ. ಅದೂ ಆರಂಕಿಯದ್ದೇ, ಆದರೆ ವರ್ಷಕ್ಕೊಮ್ಮೆ ಬದಲಾಗುತ್ತದೆ; 2021ರಿಂದ ಕೇಳಿದವರಿಗೆಲ್ಲ ಸಿಗುತ್ತಿದೆ. ಪಿನ್ ಪಡೆದವರ ಹೆಸರಿನಲ್ಲಿ ಪಿನ್ ಇಲ್ಲದೆ ಆನ್‌ಲೈನ್ ರಿಟರ್ನ್ ಹೋದರೆ ಅದು ತಿರಸ್ಕೃತ. ಆ ಪಿನ್ ಅನ್ನು ತೆರಿಗೆ ಸಲಹೆಗಾರರಿಗೆ ಹೇಳಿದರೂ ಖಾತೆಯ ಬಾಗಿಲು ತೆರೆದುಕೊಳ್ಳುವುದಿಲ್ಲ. ಇನ್ನೂ ಮುಖ್ಯವಾಗಿ, ಶುಲ್ಕ ಪಡೆದು ರಿಟರ್ನ್ ಮಾಡಿಕೊಡುವವರಿಗೂ ಅಲ್ಲಿ ಗುರುತಿನ ಸಂಖ್ಯೆ ಇದೆ, ಅದನ್ನು ಅವರು ನಮೂದಿಸಲೇಬೇಕು.

ನಮ್ಮಲ್ಲಿ ಇಂಥ ಬುದ್ಧಿ ಇಲ್ಲವೆಂದಲ್ಲ. ಬೆಂಗಳೂರು ಶಾಖೆಯನ್ನು ವಸಂತನಗರದಲ್ಲಿ ಇಟ್ಟುಕೊಂಡಿರುವ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೇ ಯುಡಿಐಎನ್ ತಂದಿತು. ಸಿಎ ಅಲ್ಲದವರು ಸಿಎ ಸಹಿ ಹಾಕಿ ಸರ್ಟಿಫಿಕೇಟ್ ಕೊಡುವುದನ್ನು ತಡೆಯಲು 2019ರ ಫೆಬ್ರವರಿ 1ರಿಂದ ಸರ್ಟಿಫಿಕೇಟುಗಳಿಗೆ, ಆಮೇಲೆ ಆಡಿಟ್ ವರದಿಗಳಿಗೂ, 18 ಅಕ್ಷರಾಂಕಿಗಳ ಈ ಸಂಖ್ಯೆ ಕಡ್ಡಾಯವಾಯಿತು. ಮೊದಲೆರಡು ಅಂಕಿ ವರ್ಷ, ಮುಂದಿನ ಆರು ಆ ಸಿಎಯ ಸದಸ್ಯತ್ವ ಸಂಖ್ಯೆ. ಬ್ಯಾಂಕಿನವರು ಆನ್‌ಲೈನಿನಲ್ಲಿ ಹಾಕಿ ನೋಡಿದರೆ ಸಹಿ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಇದು ನಾನು ಮೆಚ್ಚುವ ವ್ಯವಸ್ಥೆ, ಏಕೆಂದರೆ ಕೆಲಸ ಮಾಡಿದವರು ತಮ್ಮ ಹೆಸರಿನಲ್ಲೇ ನಿಲ್ಲುತ್ತಾರೆ.

ಸಾಮಾನ್ಯ ರಿಟರ್ನಿನಲ್ಲಿ ಆ ಹೊಣೆ ಮಾಯವಾಗುತ್ತದೆ. 2006ರ ಟ್ಯಾಕ್ಸ್ ರಿಟರ್ನ್ ಪ್ರಿಪೇರರ್ ಯೋಜನೆಯಡಿ ತರಬೇತಾದವರಿಗೆ ಗುರುತಿನ ಸಂಖ್ಯೆ ಇತ್ತು, ಫಾರ್ಮಿನ ಕೊನೆಯಲ್ಲಿ ಅವರ ಹೆಸರು ಬರೆಯಲು ಜಾಗವೂ ಇತ್ತು. ಆದರೆ ನಮ್ಮ ಓಣಿಗಳಲ್ಲಿ ರಿಟರ್ನ್ ಹಾಕಿಕೊಡುವ ಬಹುಪಾಲು ಜನ ಆ ಯೋಜನೆಯವರಲ್ಲ, ಹಾಗಾಗಿ ಆ ಜಾಗ ಖಾಲಿ. ಇ-ರಿಟರ್ನ್ ಇಂಟರ್‌ಮೀಡಿಯರಿ ಎಂಬ ನೋಂದಾಯಿತ ದಾರಿಯೂ ಇದೆ, ಸಣ್ಣ ಅಂಗಡಿಯವರು ಅಲ್ಲಿಗೆ ಹೋಗುವುದು ಅಪರೂಪ. ಅವರು ತೆರಿಗೆದಾರರ ಪಾಸ್‌ವರ್ಡಿನಲ್ಲೇ ಒಳಹೊಕ್ಕು ತೆರಿಗೆದಾರರಾಗಿಯೇ ಹೊರಬರುತ್ತಾರೆ. ಇವರಲ್ಲಿ ಬಹಳ ಮಂದಿ ಪ್ರಾಮಾಣಿಕರು. ಟಿನ್ ಫ್ಯಾಕ್ಟರಿ ಸುತ್ತಿನ ವರ್ಕ್‌ಶಾಪಿನವರಿಗೆ, ಆಟೋ ಓಡಿಸುವವರಿಗೆ ತಮಿಳು, ಉರ್ದು, ಕನ್ನಡದಲ್ಲಿ ಲೆಕ್ಕ ಬಿಡಿಸಿ ಹೇಳುವವರು ಇವರಲ್ಲದೆ ಬೇರಾರೂ ಇಲ್ಲ. ಅವರಿಗೊಂದು ಸಂಖ್ಯೆ ಕೊಟ್ಟರೆ ಮೋಸಗಾರರ ನಡುವೆ ಅವರೂ ಸಂಶಯಕ್ಕೆ ಸಿಗುವುದು ತಪ್ಪುತ್ತದೆ.

ಇನ್ನು ಒಟಿಪಿಯ ಜೊತೆಗೇ ಆದಾಯ, ರೀಫಂಡಿನ ಮೊತ್ತವೂ ಬರಲಿ ಎಂದರೆ, ಅದನ್ನು ಸೇರಿಸುವುದು ಕಷ್ಟ, ಆಧಾರ್ ಸಂದೇಶ ಬೇರೊಂದು ಪ್ರಾಧಿಕಾರದ್ದು ಎಂಬ ವಾದ ಬರಬಹುದು. ಹಾಗಿದ್ದರೆ ದೃಢೀಕರಣಕ್ಕೆ ಮುಂಚೆ ಇಲಾಖೆ ತನ್ನದೇ ಒಂದು ಸಂದೇಶ ಕಳಿಸಲಿ. ಕನ್ನಡದ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರಗಳ ಮಿತಿ. 'ಒಟ್ಟು ಆದಾಯ ₹6,40,000, ರೀಫಂಡ್ ₹38,200, ಒಪ್ಪಿಗೆಯೇ?' ಎಂಬುದು ಅದರೊಳಗೆ ಹಿಡಿಸುತ್ತದೆ.